ತಾಟಿಗೆ ಅಡ್ಡ ಹಿಡಿದ ಕೈ

ಹುಬ್ಬಳ್ಳಿ
ಕೊಸರು ತಿಂಗಳ ಮೂವತ್ತೆರಡನೆಯ ದಿನ, 2213

ದಾನೇಶ್ವರಿ ಮುತ್ತಜ್ಜಿಗೆ,

ಇಪ್ಪತ್ತನಾಲ್ಕರ ಹುಡುಗಿಯನ್ನು ಮುತ್ತಜ್ಜಿ ಎಂದು ಕರೆದದ್ದಕ್ಕೆ ಸಿಟ್ಟಾಗಬೇಡ. ನೀನು ನನ್ನ ಅವ್ವನಿಗೆ ಮುತ್ತಜ್ಜಿ. ನನಗೆ ಏನಾಗಬೇಕೋ ಅದಕ್ಕೆ ನಮ್ಮ ಕನ್ನಡದಲ್ಲಿ ಶಬ್ದ ಉಳಿದಿಲ್ಲ. ನನ್ನ ಮಾತಿನಲ್ಲಿ ಅಲ್ಲಲ್ಲಿ ಹರಳು ಸಿಕ್ಕರೆ, ಅನ್ನದಲ್ಲಿ ಸಿಕ್ಕದ್ದನ್ನು ತೆಗೆದಿಡುವ ಹಾಗೆ ತೆಗೆದಿಟ್ಟು ಮುಂದೆ ಓದು. ತಾರೀಖು ತಪ್ಪಿಲ್ಲ. ಕೊಸರು ಎಂಬುದು ನಮ್ಮ ಹದಿಮೂರನೆಯ ತಿಂಗಳು. ನಿಮ್ಮ ಕಾಲದಲ್ಲಿ ತರಕಾರಿಯವಳು ತೂಕ ಮುಗಿದ ಮೇಲೆ ನಾಲ್ಕು ಮೆಣಸಿನಕಾಯಿ ಹೆಚ್ಚಿಗೆ ಹಾಕುತ್ತಿದ್ದಳಂತೆ, ಅದಕ್ಕೆ ಕೊಸರು ಎನ್ನುತ್ತಿದ್ದರಂತೆ. ನಮ್ಮಲ್ಲಿ ಅದನ್ನು ಗಿರಾಕಿಯೇ ಕೊಡಬೇಕು, ಅದೂ ದಿನಗಳಲ್ಲಿ. ವರ್ಷವಿಡೀ ಬಂದುಬಿದ್ದ ಸಾಮಾನನ್ನು ಬಳಸಿ ಮುಗಿಸಲೆಂದೇ ಉಪಚಾರದವರು ಉಳಿದ ತಿಂಗಳುಗಳಿಂದ ದಿನ ಕಿತ್ತು ಇದೊಂದು ತಿಂಗಳು ಮಾಡಿದ್ದಾರೆ.

ಉಪಚಾರ ಎಂದರೆ ನಿನ್ನ ಕಂಪನಿ. ಅದು ಇನ್ನೂ ಹುಟ್ಟಿಲ್ಲ, ನಾಳೆ ಹುಟ್ಟುತ್ತದೆ.

ನಾಳೆ ಡಬ್ಲಿನ್ನಿನ ಎಂಬಿಎ ಕ್ಲಾಸಿನಲ್ಲಿ ನಿನ್ನ ಸರದಿ. ತಮ್ಮ ಊರಿನ ಒಂದು ವ್ಯಾಪಾರದಿಂದ ಜಗತ್ತು ಏನು ಕಲಿಯಬಹುದು ಎಂದು ಪ್ರತಿಯೊಬ್ಬರೂ ಹೇಳಬೇಕು. ನೀನು ನಿನ್ನ ಚಿಗವ್ವ ನೀಲಗಂಗವ್ವನ ಖಾನಾವಳಿಯನ್ನು ಆರಿಸಿಕೊಂಡಿದ್ದೀ. ಒಳ್ಳೆಯದನ್ನೇ ಆರಿಸಿಕೊಂಡೆ, ನನ್ನ ಸಂಕಟವೂ ಅದೇ. ಅಲ್ಲಿ ಯಾರೂ ಏನನ್ನೂ ಕೇಳಬೇಕಾಗಿಲ್ಲ, ಸಾಕು ಎನ್ನುವ ತನಕ ತಾಟಿಗೆ ರೊಟ್ಟಿ ಬೀಳುತ್ತಲೇ ಇರುತ್ತದೆ ಎಂದು ಹೇಳುತ್ತೀ. ಫೋನಿನಲ್ಲಿ ತುಂಬಿಕೊಂಡು ಹೋದ ಚಿಗವ್ವನ ದನಿ ಕೇಳಿಸುತ್ತೀ: “ಇನ್ನೊಂದ್ ತಗೋರೀ, ಏನಾಗಂಗಿಲ್ಲ.” ಕ್ಲಾಸೆಲ್ಲ ನಗುತ್ತದೆ. ಹಿಂದಿನ ಸಾಲಿನ ಕಾನರ್ ಎಂಬ ಹುಡುಗ ಮಾತ್ರ ನಗದೆ ಒಂದು ಪ್ರಶ್ನೆ ಕೇಳುತ್ತಾನೆ: ಆ ಸಾಕು ಎನ್ನುವುದನ್ನೇ ಸ್ವಲ್ಪ ಕಷ್ಟ ಮಾಡಿದರೆ? ನಿನಗೆ ಪ್ರಶ್ನೆಯೂ ಹಿಡಿಸುತ್ತದೆ, ಹುಡುಗನೂ ಹಿಡಿಸುತ್ತಾನೆ.

ನೀವಿಬ್ಬರೂ ಸೇರಿ ಕಟ್ಟಿದ ಉಪಚಾರದಿಂದ ಮೊದಲು ಮನೆಮನೆಗೆ ಊಟ ಹೋಯಿತು. ಆಮೇಲೆ ಬಟ್ಟೆ, ಹಾಸಿಗೆ, ಔಷಧಿ, ಮಕ್ಕಳಿಗೆ ಪಾಠ, ಎಲ್ಲವೂ ಕೇಳದೆಯೇ ಬರತೊಡಗಿದವು. ಆರಂಭದಲ್ಲಿ ಸಾಕು ಎನ್ನಲು ಒಂದು ಗುಂಡಿ ಒತ್ತಿದರೆ ಮುಗಿಯುತ್ತಿತ್ತಂತೆ. ಕೆಲವು ವರ್ಷಗಳ ಮೇಲೆ ಕಾರಣ ಕೊಡಬೇಕಾಯಿತು. ಈಗ ಸಾಕುಕಟ್ಟೆ ಎಂಬ ಅವರ ಕಚೇರಿಗೆ ಹೋಗಿ ಬೇಡಿಕೊಳ್ಳಬೇಕು. ಅಲ್ಲಿ ಸರದಿಯಲ್ಲಿ ನಿಂತವರಿಗೂ ಚಹಾದ ಮೇಲೆ ಚಹಾ ಬರುತ್ತಲೇ ಇರುತ್ತದೆ. ನಮ್ಮ ಮನೆಗೆ ನಾಲ್ಕು ಕೋಣೆ. ಮೂರರಲ್ಲಿ ಸಾಮಾನು ಮಾಳಿಗೆ ಮುಟ್ಟಿದೆ, ಒಂದರಲ್ಲಿ ನಾನೂ ಅವ್ವನೂ ಇದ್ದೇವೆ. ಬೆಳಗ್ಗೆ ಬಾಗಿಲು ತೆಗೆದರೆ ಡಬ್ಬಿಗಳು ಒಳಕ್ಕೆ ಉರುಳುತ್ತವೆ. ಚೆಲ್ಲುವಂತಿಲ್ಲ, ಚೆಲ್ಲಿದರೆ ಎರಡರಷ್ಟು ಬರುತ್ತದೆ. ನಮ್ಮ ಓಣಿಯ ಮಕ್ಕಳಿಗೆ ಹಸಿವು ಗೊತ್ತಿಲ್ಲ. ಅದೊಂದು ಹಳೆಯ ರೋಗವೆಂದು ಶಾಲೆಯಲ್ಲಿ ಓದುತ್ತಾರೆ. ನಿಮ್ಮ ಕಾಲದವರು ಇದನ್ನು ಸ್ವರ್ಗ ಎಂದುಕೊಂಡಾರು. ಅತಿಯಾದರೆ ಅಮೃತವೂ ವಿಷ ಎಂದು ನೀವೇ ಹೇಳುತ್ತಿದ್ದಿರಿ. ಈ ಪತ್ರವನ್ನು ನಿನಗೆ ತಲುಪಿಸುವ ಹಿಂದಂಚೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ, ಅದೂ ನಾನು ಕೇಳದೆ ಬಂದು ಬಿದ್ದದ್ದೇ. ಮೊದಲ ಸಲ ಒಂದು ಉಪಯೋಗಕ್ಕೆ ಬಂತು.

ಅದೆಲ್ಲ ಇರಲಿ. ನಾನು ಬರೆಯುತ್ತಿರುವುದು ಅವ್ವನ ಸಲುವಾಗಿ. ಅವಳಿಗೀಗ ನೂರಾ ಮೂವತ್ತೊಂದು. ಹೃದಯ ಎರಡು ಸಲ ಬದಲಾಗಿದೆ, ಕಣ್ಣು ಬದಲಾಗಿವೆ, ರಕ್ತವನ್ನು ಗೋಡೆಯೇ ತೊಳೆದು ಏರಿಸುತ್ತದೆ. ಅವಳದೇ ಎಂದು ಮೈಯಲ್ಲಿ ಉಳಿದಿರುವುದು ನೋವೊಂದೇ. ಮಾತು ನಿಲ್ಲುವ ಮುಂಚೆ ನನ್ನ ಕೈ ಹಿಡಿದು, “ಸಾಕ್ ಬೇ ಯವ್ವಾ, ಇನ್ನ ಬಿಟ್ಟಬಿಡ್ರಿ ನನ್ನ” ಎಂದಳು. ಸಾಕುಕಟ್ಟೆಗೆ ಹೋದೆ, ಅತ್ತು ಕರೆದೆ, ಬೈದೆ. ಸಾಕು ಎನ್ನುವಷ್ಟು ತ್ರಾಣ ಇದೆಯೆಂದರೆ ಇನ್ನೂ ಬೇಕು ಎಂದೇ ಅರ್ಥ ಎಂದು ತಿಳಿಸಿ ಕಳಿಸಿದರು. ಮನೆಗೆ ಬಂದೆ. ಅವ್ವನ ತಲೆದೆಸೆಯ ಗೋಡೆ ಮಾತಾಡಿತು: “ಇನ್ನೊಂದ್ ತಗೋರೀ, ಏನಾಗಂಗಿಲ್ಲ.” ಹೌದು, ಅದೇ ದನಿ. ನೀಲಗಂಗವ್ವ ಸತ್ತು ಎಷ್ಟೋ ಕಾಲವಾದರೂ ಈ ಊರಿನ ಗೋಡೆಗೋಡೆಯೊಳಗೆ ಕೂತು ಬಡಿಸುತ್ತಿದ್ದಾಳೆ. ಅಷ್ಟು ಅಕ್ಕರೆಯ ದನಿ ಕೇಳಿದರೆ ನಾನು ಕಿವಿ ಮುಚ್ಚಿಕೊಳ್ಳುತ್ತೇನೆ. ನನ್ನನ್ನು ಸಾಕಿದವಳಿಗೆ ಒಂದು ಸಾಕು ದಕ್ಕಿಸಿಕೊಡಲು ನನ್ನಿಂದ ಆಗಲಿಲ್ಲ.

ನಾಳೆ ನೀನು ಒಂದು ಮಾತು ಬಿಟ್ಟುಬಿಡುತ್ತೀ. ನಿನ್ನ ಚಿಗವ್ವ ರೊಟ್ಟಿ ಹಿಡಿದು ನಿಂತಾಗ ಉಣ್ಣುವವರ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ತಾಟಿನ ಮೇಲೆ ಕೈ ಅಡ್ಡ ಬಂತೋ, ಬಾಯಿಂದ ಮಾತು ಹೊರಡುವ ಮೊದಲೇ ಅವಳು ಹಿಂದೆ ಸರಿಯುತ್ತಿದ್ದಳು. “ಬಂಗಾರ ಕೊಟ್ರ ಯಾರೂ ಸಾಕನ್ನಂಗಿಲ್ಲ. ಊಟಕ್ಕಷ್ಟ ಮನಷ್ಯಾ ಸಾಕಂತಾನ. ಅದನ್ನ ಕೇಳಾಕಂತನ ನಾ ಬಡಸತೀನಿ” ಎನ್ನುತ್ತಿದ್ದಳು. ಇದು ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಉಳಿದು ಬಂದಿದೆ. ನೀನು ಕಣ್ಣಾರೆ ಕಂಡವಳು. ಆದರೂ ಹೊತ್ತು ಸಾಲದೆಂದು, ಪರದೇಶದವರಿಗೆ ಇದೆಲ್ಲ ಏನು ತಿಳಿದೀತೆಂದು ಬಿಡುತ್ತೀ. ಬಿಡಬೇಡ. ಮೊದಲು ಇದನ್ನೇ ಹೇಳು. ಕೈ ಅಡ್ಡ ಹಿಡಿದು ತೋರಿಸು. ಕಾನರನ ಪ್ರಶ್ನೆಗೆ ಅಲ್ಲಿ ಜಾಗವೇ ಇರಬಾರದು.

ಹಾಗೆ ಮಾಡಿದರೆ ಏನಾಗುತ್ತದೆ ಎಂಬುದು ನನಗೆ ಗೊತ್ತು. ಆ ಪ್ರಶ್ನೆ ಇಲ್ಲದಿದ್ದರೆ ಕ್ಲಾಸು ಬಿಟ್ಟ ಮೇಲಿನ ಕಾಫಿ ಇಲ್ಲ, ಕಂಪನಿ ಇಲ್ಲ, ನಿಮ್ಮ ಮದುವೆಯೂ ಇಲ್ಲ. ಅವ್ವ ಇಲ್ಲ, ನಾನೂ ಇಲ್ಲ. ನನಗೆ ಮಕ್ಕಳಿಲ್ಲದ್ದು ಈಗ ಅನುಕೂಲವೇ ಆಯಿತು. ಕೆಳಗೆ ನನ್ನ ಹೆಸರು ಬರೆಯುವುದಿಲ್ಲ. ಹೆಸರು ಗೊತ್ತಾದರೆ ಅಳಿಸಲು ನಿನಗೆ ಮನಸ್ಸು ಬರಲಿಕ್ಕಿಲ್ಲ.

ನನ್ನ ಮಟ್ಟಿಗೆ ನಾನು ತೀರ್ಮಾನ ಮಾಡಬಲ್ಲೆ, ಅವ್ವನ ಪರವಾಗಿ ಹೇಗೆ ಮಾಡಲಿ? ಅದಕ್ಕೇ ಇವತ್ತು ಮಧ್ಯಾಹ್ನ ಅವಳ ಕಿವಿಗೆ ಬಾಗಿ ಎಲ್ಲವನ್ನೂ ಹೇಳಿ, ಈ ಪತ್ರ ಕಳಿಸಲೇನವ್ವಾ ಎಂದು ಕೇಳಿದೆ. ಅವಳು ಕೈ ಎತ್ತಿ, ಅಂಗೈ ಕೆಳಗೆ ಮಾಡಿ, ತಾಟಿಗೆ ಹಿಡಿಯುವ ಹಾಗೆ ಎದೆಯ ಮೇಲೆ ಅಡ್ಡ ಹಿಡಿದಳು.

ಗೋಡೆ ಅದನ್ನು ನೋಡಲಿಲ್ಲ. ಇನ್ನೊಂದ್ ತಗೋರೀ ಎಂದಿತು.

ನೀನಾದರೂ ನೋಡು.