ಹಿಂದಕ್ಕೆ ಹೋದ ಪೀಚ್ ಜಾಡಿಗಳು

ಅಕ್ಕಾ,

ವಯೋಮಿಂಗ್‌ನ ಪೆಟ್ರೋಲ್ ಬಂಕಿನಲ್ಲಿ ನಿಂತೇ ಬರೆಯುತ್ತಿದ್ದೇನೆ. ಮನೆ ಮಾರಿ ಕೊಂಡ ಈ ಮೂವತ್ತಡಿಯ ವಾಸದ ಟ್ರೇಲರಿನ ಭಾರಕ್ಕೆ, ಅದನ್ನೆಳೆಯುವ ನಮ್ಮ ಅರ್ಧ ಟನ್ನಿನ ಪಿಕಪ್ ಟ್ರಕ್ಕಿನ ಹಿಂಭಾಗ ಕುಸಿದು ಮೂತಿ ಮೇಲಾಗಿತ್ತು. ಅದನ್ನು ಸರಿಮಾಡಲು ನಮ್ಮ ಯಜಮಾನ ಲೈಲ್ ನನ್ನ ಕಬ್ಬಿಣದ ಬಾಣಲೆ, ಪೀಚ್ ಹಣ್ಣು ತುಂಬಿದ ಜಾಡಿಗಳನ್ನೆಲ್ಲ ಟ್ರೇಲರಿನ ಹಿಂತುದಿಗೆ ಸಾಗಿಸಿದ. ಇಳಿಜಾರಿನಲ್ಲಿ ಗಾಳಿ ಬೀಸಿದ್ದೇ ತಡ, ಟ್ರೇಲರ್ ಬಾಲ ಬಡಿಯುತ್ತ ನಮ್ಮನ್ನು ರಸ್ತೆಯ ಈ ಅಂಚಿಂದ ಆ ಅಂಚಿಗೆ ಎಳೆದಾಡಿತು.

ಬಂಕಿನ ಮುದುಕಿ ಟ್ರೇಲರಿನೊಳಗೆ ಇಣುಕಿದಳು. “ಭಾರ ಮುಂದಿರ್ಬೇಕು ಕಣಪ್ಪ. ಎಳ್ಯೋದೇನೋ ಎಳೀತೀಯ, ನಿಲ್ಸೋದು ಹೇಗೆ?”

“ನಿಂತಿದೀವಲ್ಲ,” ಎಂದ ಲೈಲ್. ಆದರೂ ಬಾಣಲೆ ಎತ್ತಿಕೊಂಡ.

ಜಾಡಿಗಳೆಲ್ಲ ಮತ್ತೆ ಮುಂದಕ್ಕೆ ಬಂದವು. ನನ್ನ ಮೊಣಕಾಲು ಊದಿದೆ, ಬೇರೇನಿಲ್ಲ. ಅವನು ಹಾರನ್ ಹೊಡೆಯುತ್ತಿದ್ದಾನೆ, ಹೊರಟೆ. ನಮ್ಮ ಮನೆ ಕೊಂಡವರು ಸಿಕ್ಕರೆ, ಆ ಮನೆ ಅವರಿಗೆ ಹಿಡಿಸಿದೆಯಾ ಎಂದು ಸುಮ್ಮನೆ ಕೇಳಿ ನೋಡು.

ವೆಲ್ಡಾ