ಧರ್ಮಛತ್ರದ ಬಾಗಿಲಿಗೆ ಕಬ್ಬಿಣದ ಗ್ರಿಲ್

ಲಾಂಗ್ ಬೀಚ್‌ನ ವಸ್ತುಸಂಗ್ರಹಾಲಯದ ಮಾನ್ಯ ನಿರ್ದೇಶಕರೇ,

ಬೀದಿಗೆ ಮುಖ ಮಾಡಿರುವ ನಿಮ್ಮ ಕಲ್ಲಿನ ಕಮಾನು ಬಾಗಿಲಿಗೆ ಬರುವ ಸೋಮವಾರ ಗ್ರಿಲ್ ಹಾಕಿಸುತ್ತಿದ್ದೀರಿ. ಆ ಕಮಾನಿನ ಕೆಳಗೆ ಬಹುಕಾಲದಿಂದ ಮಲಗುತ್ತಿರುವ ಮುದುಕರೊಬ್ಬರು ಅಂದು ರಾತ್ರಿ ಎಲ್ಲಿ ಮಲಗಬೇಕು ಎಂದು ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಬರೆದು ಕೇಳಿದೆ. ‘ನಮ್ಮ ಪರಂಪರೆಯ ಬಗ್ಗೆ ನಿಮಗಿರುವ ಆಸಕ್ತಿಗೆ ಧನ್ಯವಾದಗಳು’ ಎಂಬ ಉತ್ತರವೇ ಪ್ರತಿ ಸಲವೂ ಬಂತು. ಹಾಗಾಗಿ ಈ ಸಲ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನೀವು ಓದಲಾರಿರಿ. ಆದರೆ ಪ್ರತಿ ನವೆಂಬರಿನಲ್ಲಿ ರಾಜ್ಯೋತ್ಸವದ ಊಟಕ್ಕೆ ನಿಮ್ಮ ಅಂಗಳವನ್ನು ಬಾಡಿಗೆಗೆ ಹಿಡಿಯುವವರು ಓದುತ್ತಾರೆ.

ಬಾಗಿಲಿನ ಚರಿತ್ರೆ ನಿಮ್ಮದೇ ಫಲಕದಲ್ಲಿದೆ. ಐನೂರು ವರ್ಷಗಳ ಹಿಂದೆ ಜರ್ಮನಿಯ ಆಲ್ಟೆನ್‌ಮ್ಯೂಲ್ ಎಂಬ ಊರಿನಲ್ಲಿ ಉಪ್ಪಿನ ವ್ಯಾಪಾರಿಯೊಬ್ಬನ ವಿಧವೆ ದಿಕ್ಕಿಲ್ಲದ ಮುದುಕರಿಗಾಗಿ ಧರ್ಮಛತ್ರ ಕಟ್ಟಿಸಿದಳು. ಬಾಗಿಲ ಮೇಲೆ ಕೆತ್ತಿಸಿದಳು: ‘ತಟ್ಟಿದವರಿಗೆ ತೆರೆಯಿರಿ. ಹೆಸರು ಕೇಳಬೇಡಿ.’ ಪ್ಲೇಗ್ ಬಂದಾಗ ಅದು ಆಸ್ಪತ್ರೆಯಾಯಿತು. ಯುದ್ಧಕಾಲದಲ್ಲಿ ಸೈನಿಕರು ಒಳಗೆ ಕುದುರೆ ಕಟ್ಟಿದರು. ಆಮೇಲೆ ಶಾಲೆ, ಆಮೇಲೆ ಕಾಳಿನ ಉಗ್ರಾಣ. ಕೊನೆಗೆ ಬಾಂಬು ಬಿದ್ದು ಬಾಗಿಲಷ್ಟೇ ಉಳಿಯಿತು. ರಸ್ತೆ ಅಗಲ ಮಾಡುವಾಗ ಊರಿನವರು ಅದನ್ನೂ ಮಾರಿದರು. ಅದು ಹಡಗು ಹತ್ತಿ ಇದೇ ಬಂದರಿನಲ್ಲಿ ಇಳಿಯಿತು. ‘ಹೀಗೆ ಅದನ್ನು ರಕ್ಷಿಸಲಾಯಿತು’ ಎಂದು ನಿಮ್ಮ ಫಲಕ ಮುಗಿಯುತ್ತದೆ. ಯಾರ ಕಾಟದಿಂದ ರಕ್ಷಿಸಲಾಯಿತು ಎಂಬುದು ನನಗೆ ಕಳೆದ ತಿಂಗಳಷ್ಟೇ ತಿಳಿಯಿತು.

ನನ್ನ ಅಜ್ಜಿಯ ಕಾಟದಿಂದ.

ಅಜ್ಜಿ ಗುರುಬಸವ್ವ ಗದಗದಿಂದ ಬಂದು ಸ್ಯಾಂಟಾ ಕ್ಲಾರಿಟಾದ ನಮ್ಮ ಮನೆಯಲ್ಲಿದ್ದಾರೆ. ಕಳೆದ ತಿಂಗಳು ಒಂದು ಭಾನುವಾರ ಅವರನ್ನು ನಿಮ್ಮಲ್ಲಿಗೆ ಕರೆತಂದು ಕಲ್ಲಿನ ಮೇಲಿನ ಬರಹವನ್ನು ಕನ್ನಡದಲ್ಲಿ ಹೇಳಿದಾಗ ಅವರಿಗೆ ಗಾಬರಿಯಾಯಿತು. “ಯವ್ವಾ, ಹಂಗಂದ್ರ ಇದು ದಾಸೋಹದ ಮನಿ. ಬರಿಗೈಲೆ ಬಂದೀವಲ್ಲ!” ಮುಂದಿನ ಭಾನುವಾರ ಜೋಳದ ರೊಟ್ಟಿ, ಝುಣಕ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದರು. ಬಾಗಿಲ ಹಿಂದೆ ಬರೀ ಗೋಡೆ ಇದೆ ಎಂದು ನಾನು ಹೇಳಿದರೂ ಕೇಳದೆ ತಟ್ಟಿದರು. ನಿಮ್ಮ ಕಾವಲುಗಾರ ಓಡಿ ಬಂದ.

“ಮ್ಯಾಮ್, ಅದನ್ನು ಮುಟ್ಟಬಾರದು.”

“ಮುಟ್ಟಲಾರದ ಹ್ಯಾಂಗ ತಟ್ಟೂದು, ಕೇಳು ಅವಂಗ.”

ಕೇಳಿದೆ. “ಒಳಗೆ ಯಾರೂ ಇಲ್ಲ ಅಂತ ಹೇಳಿ ಅವರಿಗೆ,” ಎಂದ.

“ಯಾರೂ ಇಲ್ಲಂದ್ರ ಇಂವ ಯಾರನ್ನ ಕಾಯಾಕತ್ತಾನ?”

ಆಗ ಕಮಾನಿನ ಮೂಲೆಯ ಕಂಬಳಿ ಅಲುಗಾಡಿತು. “ನಾನಿದ್ದೀನಲ್ಲ,” ಎಂದರು ಅದರೊಳಗಿನ ಮುದುಕರು. “ಒಳಗೆ ಬನ್ನಿ.” ಅಜ್ಜಿ ಚಪ್ಪಲಿ ಬಿಟ್ಟು ಕುಳಿತು ಡಬ್ಬಿ ಬಿಚ್ಚಿ ಬಡಿಸಿದರು. ಚಟ್ನಿಯ ಖಾರಕ್ಕೆ ಆ ಮುದುಕರ ಕಣ್ಣಲ್ಲಿ ನೀರು ಬಂದಾಗ, ಮೊಸರು ತರಬೇಕಿತ್ತು ಎಂದು ಅಜ್ಜಿ ಪೇಚಾಡಿದರು. ಹೆಸರು ಮಾತ್ರ ಕೇಳಲಿಲ್ಲ. ಕೇಳಬೇಡಿ ಎಂದು ಕಲ್ಲೇ ಹೇಳಿದೆಯಲ್ಲ.

ಮೂರನೆಯ ಭಾನುವಾರದ ಹೊತ್ತಿಗೆ ನಿಮ್ಮ ಪ್ರಕಟಣೆ ಬಂತು: ಆಹಾರದ ಚೂರುಗಳಿಂದಲೂ ಅನಧಿಕೃತ ವಾಸದಿಂದಲೂ ಶಿಲೆಗೆ ಅಪಾಯವಿರುವುದರಿಂದ ಗ್ರಿಲ್. ಪ್ಲೇಗು, ಕುದುರೆ, ಬಾಂಬುಗಳನ್ನು ತಡೆದುಕೊಂಡ ಕಲ್ಲು ಜೋಳದ ರೊಟ್ಟಿಯ ಮುಂದೆ ಸೋತಿತೇ? ತಟ್ಟಿದವರಿಗೆ ತೆರೆಯುವುದಕ್ಕೆಂದೇ ಮಾಡಿದ ಬಾಗಿಲನ್ನು ತಟ್ಟದಂತೆ ನೋಡಿಕೊಳ್ಳುವುದು ಸಂರಕ್ಷಣೆಯಾದರೆ, ನಾಶ ಮಾಡುವುದು ಹೇಗಿರುತ್ತದೆ? ಈ ಊರಿನ ಬಾಡಿಗೆ ಮನೆಯವರ ಸಂಘ ಹಂಚುವ ಕರಪತ್ರದಲ್ಲಿ, ತಲೆಯ ಮೇಲಿನ ಸೂರು ಯಾರೂ ಕೊಡುವ ಭಿಕ್ಷೆಯಲ್ಲ, ಹಕ್ಕು ಎಂದಿದೆ. ಅದನ್ನು ಓದಿ ನೀವು ನಗಬಹುದು. ಅದನ್ನೇ ಕಲ್ಲಿನಲ್ಲಿ ಬರೆದರೆ ಮಾತ್ರ ಫಲಕ ಹಾಕಿ ತೋರಿಸುತ್ತೀರಿ. ಐನೂರು ವರ್ಷಗಳ ಹಿಂದೆ ಈ ಕಟ್ಟಡವನ್ನು ಯಾವುದಕ್ಕಾಗಿ ಕಟ್ಟಿಸಿದರೋ ಆ ಕೆಲಸವನ್ನು ಇಡೀ ಲಾಂಗ್ ಬೀಚ್‌ನಲ್ಲಿ ಇವತ್ತು ಮಾಡುತ್ತಿರುವುದು ಅದರ ಕಮಾನೊಂದೇ. ಅದಕ್ಕೂ ಸೋಮವಾರ ನಿವೃತ್ತಿ.

ನನ್ನ ಬೇಡಿಕೆ ಇದು. ಗ್ರಿಲ್ ಕೆಲಸ ನಿಲ್ಲಿಸಿ, ಆ ಮುದುಕರನ್ನು ಅಲ್ಲೇ ಬಿಡಿ. ಆಗುವುದಿಲ್ಲವೆಂದರೆ ಅದೇ ಕಲ್ಲಿನಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ಇನ್ನೊಂದು ಸಾಲು ಕೆತ್ತಿಸಿ: ‘ಮೇಲಿನದು ಸೋಮವಾರದಿಂದ ರದ್ದು.’ ಕೆಳಗೆ ನಿಮ್ಮ ಹೆಸರಿರಲಿ. ಆ ವಿಧವೆ ತನ್ನ ಹೆಸರು ಹಾಕಿಸಿಕೊಂಡಿರಲಿಲ್ಲ, ಜಾಗ ಖಾಲಿಯಿದೆ. ಆ ಸಾಲನ್ನು ನೋಡುತ್ತಾ ರಾಜ್ಯೋತ್ಸವದ ಹೋಳಿಗೆ ತಿನ್ನಲು ಆಗುತ್ತದೆಯೇ ಎಂದು ನಮ್ಮ ಸಂಘದವರನ್ನೂ ಇದೇ ಪತ್ರದಲ್ಲಿ ಕೇಳುತ್ತಿದ್ದೇನೆ.

ಗ್ರಿಲ್ ವಿಷಯವನ್ನು ಅಜ್ಜಿಗೆ ಹೇಳಿದೆ. ರೊಟ್ಟಿ ತಟ್ಟುತ್ತಿದ್ದವರು ಕೈ ನಿಲ್ಲಿಸಲಿಲ್ಲ.

“ಕಬ್ಬಿಣದ್ದೇನು? ಚಲೋ ಆತು ಬಿಡು. ತಟ್ಟಿದ್ರ ಇನ್ನೂ ದೂರ ಕೇಳಸ್ತೈತಿ.”

ಇಂತಿ,
ಮುಟ್ಟಿದ್ದಕ್ಕೆ ಎಚ್ಚರಿಕೆ ಪಡೆದವರ ಮೊಮ್ಮಗಳು,
ಭಾನುವಾರ ಡಬ್ಬಿ ಹೊರುವವಳು,
ವೈಷ್ಣವಿ