ಅಕ್ಕನ ದನಿ ಇರುವ ಸರ್ವರ್‌ಗೆ ತಾಲೀಮು

ನವೆಂಬರ್ 9, ಭಾನುವಾರ

ಬೆಳಗಿನಿಂದ ಅಕ್ಕನ ಮಗ ತಲೆ ಕೊರೆಯುತ್ತಿದ್ದಾನೆ: “ಮಾವ, ಅಮ್ಮನ ದನಿ ಇರೋದೇ ಆ ಸರ್ವರ್‌ನಲ್ಲಿ. ಚೆನ್ನಾಗಿ ಓಡ್ತಿರೋದಕ್ಕೆ ಯಾಕೆ ಕೈ ಹಾಕ್ತೀರಿ?”

ಹಾಕುತ್ತೇನೆ. ನಲವತ್ತು ವರ್ಷ ರಂಗದ ಮೇಲೆ ಗುಡುಗಿದವನು ಒಂದು ಅಪ್‌ಡೇಟಿಗೆ ಹೆದರಿ ಪರದೆಯ ಹಿಂದೆ ಅಡಗಲೇ? ಸರ್ವರ್‌ನಲ್ಲಿರುವ ಹಳೆಯ ಆಪರೇಟಿಂಗ್ ಸಿಸ್ಟಮ್‌ಗೆ ಬರುವ ತಿಂಗಳಿಂದ ಭದ್ರತಾ ಅಪ್‌ಡೇಟ್ ಇಲ್ಲ, ಯಾವ ಕಳ್ಳನಾದರೂ ನುಗ್ಗಬಹುದು. ಪಾರ್ಶ್ವವಾಯು ಅಕ್ಕನ ಮಾತನ್ನು ಕಸಿದುಕೊಂಡಿತು. ಅದರಲ್ಲಿ ಧ್ವನಿಮುದ್ರಿಸಿಟ್ಟ ಅವಳ ನಾಟಕಗಳನ್ನು ಕಸಿಯಲು ಇನ್ನಾರಿಗೂ ಬಿಡುವುದಿಲ್ಲ.

ಆದರೆ ತಾಲೀಮಿಲ್ಲದೆ ರಂಗ ಹತ್ತುವ ಜಾಯಮಾನ ನನ್ನದಲ್ಲ. ಅಸಲಿ ಡಿಸ್ಕ್‌ಗಳನ್ನು ಕಳಚಿ, ಟವೆಲ್ಲಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟೆ. ಮೊದಲೇ ಒಂದು ನಾಟಕ ನಕಲು ಮಾಡಿಟ್ಟಿದ್ದ ಹಳೆಯ ಡಿಸ್ಕೊಂದನ್ನು ಸರ್ವರ್‌ಗೆ ಸಿಕ್ಕಿಸಿ, ಅದರಲ್ಲಿ ಹೊಸ ಸಿಸ್ಟಮ್ ಹಾಕಿದೆ. ಅರ್ಧಕ್ಕೇ ನಿಂತಿತು.

“ನಾಯಕನೇ ಮಾತು ಮರೆತುಬಿಟ್ಟನಲ್ಲ ಮಾವ” ಎಂದು ಅಳಿಯರಾಯ ನಕ್ಕ.

“ಇಲ್ಲೇ ಮರೀಲಿ ಬಿಡೋ. ತಾಲೀಮು ಇರೋದು ಮತ್ಯಾಕೆ?” ಎಂದು ಮತ್ತೆ ಮೊದಲಿನಿಂದ ಹಾಕಿದೆ. ಸಂಜೆಗೆ ಸಿಸ್ಟಮ್ ಎದ್ದು ಕುಳಿತಿತು.

ಅಕ್ಕನನ್ನು ಕೂರಿಸಿ ನಾಟಕ ಹಾಕಿದೆ. ಮಹಾರಾಣಿಯ ಪಾತ್ರದಲ್ಲಿ ಅವಳದೇ ಹಳೆಯ ಗದರಿಕೆ ಕೋಣೆ ತುಂಬಿತು. ಅಕ್ಕನ ತುಟಿ ಪ್ರತಿ ಸಾಲಿಗೂ ಆಡಿತು, ಸದ್ದು ಮಾತ್ರ ಬರಲಿಲ್ಲ. ಮುಗಿದಾಗ ಬೆರಳೆತ್ತಿ, ಇನ್ನೊಮ್ಮೆ ಎಂದು ತೋರಿಸಿದಳು. ಅಳಿಯನೇ ಎದ್ದು ಮತ್ತೆ ಹಾಕಿದ.

ನಾಳೆ ಅಸಲಿ ಡಿಸ್ಕ್‌ಗಳು ಒಳಗೆ ಹೋಗುತ್ತವೆ. ತಡೆಯುವವರು ಬರಲಿ, ನೋಡೇಬಿಡುತ್ತೇನೆ. ಕಣ್ಣು ಎಳೆಯುತ್ತಿದೆ, ಇಲ್ಲದಿದ್ದರೆ ಈಗಲೇ…